ಗೃಹಲಕ್ಷ್ಮಿಯ ಎರಡು ಸಾವಿರ ಕೈ ಸೇರುವವರೆಗೆ: ಹಾಸನದ ಮನೆಗಳಿಗೆ ಒಂದು ಮಾರ್ಗದರ್ಶಿ

ಅರ್ಜಿ ಹಾಕಿದ್ದೀವಿ, ಮಂಜೂರಾತಿ ಪತ್ರ ಕೈಲಿದೆ, ಹಣ ಮಾತ್ರ ಬಂದಿಲ್ಲ. ಈ ಮಾತು ಹಾಸನದ ಯಾವ ಬಡಾವಣೆಗೆ ಹೋದರೂ ಕೇಳುತ್ತದೆ. ಪೆನ್ಷನ್ ಮೊಹಲ್ಲಾದಲ್ಲೂ ಕೇಳುತ್ತದೆ, ಆಲೂರು, ಅರಕಲಗೂಡು ಕಡೆಯ ಹಳ್ಳಿಗಳಲ್ಲೂ ಕೇಳುತ್ತದೆ. ಬಹಳ ಸಲ ಅರ್ಜಿಯಲ್ಲಿ ಏನೂ ತಪ್ಪಿರುವುದಿಲ್ಲ. ತೊಡಕು ಇರುವುದು ರೇಷನ್ ಕಾರ್ಡಿನಲ್ಲಿ ಅಥವಾ ಬ್ಯಾಂಕಿನಲ್ಲಿ. ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ಓದುತ್ತಿರುವ ನೀವು ಬಹುಶಃ ಅಮ್ಮನಿಗೋ ಅತ್ತೆಗೋ ಪಕ್ಕದ ಮನೆಯ ಅಜ್ಜಿಗೋ ಸಹಾಯ ಮಾಡಲು ಹೊರಟವರು. ಅದಕ್ಕೇ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಇದು ಎಂಥ ಹಣ

ಗೃಹಲಕ್ಷ್ಮಿ ಅಂದರೆ ರಾಜ್ಯ ಸರ್ಕಾರ ಮನೆಯ ಯಜಮಾನಿಗೆ ಕೊಡುವ ತಿಂಗಳಿಗೆ 2,000 ರೂಪಾಯಿ. ನೋಂದಣಿ 2023ರ ಜುಲೈನಲ್ಲಿ ಶುರುವಾಯಿತು, ಅದೇ ವರ್ಷದ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು. ಹಣವನ್ನು ಯಾವುದಕ್ಕೆ ಖರ್ಚು ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಬಿಲ್ಲು ತೋರಿಸಬೇಕಾಗಿಲ್ಲ, ಲೆಕ್ಕ ಕೊಡಬೇಕಾಗಿಲ್ಲ. ವೃದ್ಧಾಪ್ಯ ವೇತನ, ವಿಧವಾ ವೇತನ ಬರುತ್ತಿದ್ದರೂ ಇದಕ್ಕೆ ಅಡ್ಡಿಯಿಲ್ಲ.

ಹೀಗೆ ಷರತ್ತಿಲ್ಲದೆ ತಿಂಗಳು ತಿಂಗಳು ಹಣ ಕೊಟ್ಟರೆ ಏನಾಗುತ್ತದೆ ಅಂತ ಬೇರೆ ಕಡೆ ಪ್ರಯೋಗ ಮಾಡಿ ನೋಡಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟಾಕ್‌ಟನ್ ಅನ್ನುವ ಊರಿದೆ. ಮೈಕೆಲ್ ಟಬ್ಸ್ ಅಲ್ಲಿ ಮೇಯರ್ ಆಗಿದ್ದಾಗ, 2019ರ ಫೆಬ್ರವರಿಯಿಂದ 24 ತಿಂಗಳು, 125 ನಿವಾಸಿಗಳಿಗೆ ತಿಂಗಳಿಗೆ 500 ಡಾಲರ್ ಡೆಬಿಟ್ ಕಾರ್ಡಿಗೆ ಹಾಕಿದರು. ಬಡವರಿಗೆ ಸುಮ್ನೆ ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ, ಕೆಲಸ ಬಿಡುತ್ತಾರೆ ಅನ್ನುವ ಮಾತು ಅಲ್ಲೂ ಇತ್ತು. ಲೆಕ್ಕ ನೋಡಿದಾಗ ಹೆಂಡ, ತಂಬಾಕಿಗೆ ಹೋದದ್ದು ನೂರಕ್ಕೆ ಒಂದು ರೂಪಾಯಿಗೂ ಕಡಿಮೆ. ಹಣ ಪಡೆದವರಲ್ಲಿ ಪೂರ್ಣಾವಧಿ ಕೆಲಸ ಇದ್ದವರು ಮೊದಲ ವರ್ಷದಲ್ಲೇ ಶೇಕಡಾ 28ರಿಂದ 40ಕ್ಕೆ ಏರಿದರು.

ನಮ್ಮ ದೇಶದಲ್ಲೇ, ಮಧ್ಯಪ್ರದೇಶದ ಹಳ್ಳಿಗಳಲ್ಲಿ 2011ರಲ್ಲಿ ಮಹಿಳಾ ಕಾರ್ಮಿಕರ ಸಂಘಟನೆ ಸೇವಾ, ಯುನಿಸೆಫ್ ನೆರವಿನಿಂದ ಇಂಥದೇ ಪ್ರಯೋಗ ಮಾಡಿತು. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ಮುಂದೆ ಅದನ್ನು 300 ಮತ್ತು 150 ಮಾಡಿದರು. ಮಕ್ಕಳ ಹಣ ತಾಯಿಯ ಕೈಗೆ ಹೋಗುತ್ತಿತ್ತು. ಅಲ್ಲೂ ಮೊದಲ ದೊಡ್ಡ ಕೆಲಸ ಆಗಿದ್ದು ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲಿ ಖಾತೆ ಮಾಡಿಸುವುದು. ಈ ಮಾತು ನೆನಪಿನಲ್ಲಿರಲಿ. ಹಣ ಯಾರ ಖಾತೆಗೆ ಬರುತ್ತದೆ, ಆ ಖಾತೆ ಯಾರ ಕೈಯಲ್ಲಿದೆ ಅನ್ನುವುದೇ ಇಂಥ ಯೋಜನೆಯ ಜೀವಾಳ ಅಂತ ನಾನು ನಂಬಿದ್ದೇನೆ.

ಮೊದಲು ರೇಷನ್ ಕಾರ್ಡ್ ತೆಗೆದು ನೋಡಿ

ಅಂತ್ಯೋದಯ, ಬಿಪಿಎಲ್, ಎಪಿಎಲ್ ಯಾವ ಕಾರ್ಡ್ ಆದರೂ ಪರವಾಗಿಲ್ಲ. ಆದರೆ ಕಾರ್ಡಿನಲ್ಲಿ ಯಜಮಾನಿ ಅಂತ ಯಾರ ಹೆಸರಿದೆಯೋ ಆ ಹೆಣ್ಣುಮಗಳಿಗೆ ಮಾತ್ರ ಹಣ. ಒಂದು ಕಾರ್ಡಿಗೆ ಒಬ್ಬರೇ. ಅತ್ತೆ, ಸೊಸೆ, ವಾರಗಿತ್ತಿ ಎಲ್ಲರೂ ಒಂದೇ ಕಾರ್ಡಿನಲ್ಲಿದ್ದರೆ ಯಜಮಾನಿ ಅಂತ ಬರೆದವರದ್ದೇ ಹಕ್ಕು. 2013ರ ಆಹಾರ ಭದ್ರತಾ ಕಾಯ್ದೆಯೂ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ ಅನ್ನುತ್ತದೆ.

ಕಾರ್ಡಿನಲ್ಲಿ ಇನ್ನೂ ಗಂಡಸಿನ ಹೆಸರೇ ಯಜಮಾನ ಅಂತ ಇದ್ದರೆ ಮೊದಲು ಅದನ್ನು ಬದಲಾಯಿಸಬೇಕು. ತಾಲ್ಲೂಕು ಆಹಾರ ಶಾಖೆಯಲ್ಲಿ ಕೇಳಿ, ಇಲ್ಲವೇ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಕೇಳಿ. ತಿದ್ದುಪಡಿಗೆ ಪೋರ್ಟಲ್ ಯಾವಾಗಲೂ ತೆರೆದಿರುವುದಿಲ್ಲ. ತೆರೆದಾಗ ಸರ್ವರ್ ಒತ್ತಡದಲ್ಲಿ ನಿಲ್ಲುವುದೂ ಇದೆ. ಹಾಗಾಗಿ ಬೆಳಗ್ಗೆ ಬೇಗ ಹೋಗಿ. ಮನೆಯ ಎಲ್ಲರ ಆಧಾರ್ ಜೊತೆಗಿಟ್ಟುಕೊಳ್ಳಿ.

ಹೆಸರಿನ ವಿಷಯ ಇನ್ನೊಂದಿದೆ. ನಮ್ಮ ಕಡೆ ಒಬ್ಬರಿಗೇ ಎರಡು ಮೂರು ಹೆಸರು ಮಾಮೂಲಿ. ಆಧಾರಿನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮೀದೇವಮ್ಮ, ಪಾಸ್‌ಬುಕ್ಕಿನಲ್ಲಿ ಎಚ್. ಲಕ್ಷ್ಮಿ. ಮನೆಯವರಿಗೆ ಮೂರೂ ಒಬ್ಬರೇ. ಕಂಪ್ಯೂಟರಿಗೆ ಮೂವರು. ಆಧಾರಿನಲ್ಲಿ ಇರುವ ಹಾಗೆಯೇ ಉಳಿದ ಎರಡೂ ಇರುವಂತೆ ಮಾಡಿಸಿ. ಯಾವುದನ್ನು ತಿದ್ದುವುದು ಅಂತ ಗೊಂದಲ ಆದರೆ ರೇಷನ್ ಕಾರ್ಡ್ ಮತ್ತು ಪಾಸ್‌ಬುಕ್ ತಿದ್ದಿಸಿ. ಆಧಾರ್ ಮುಟ್ಟಿದರೆ ಅದಕ್ಕೆ ಜೋಡಿಸಿದ ಉಳಿದದ್ದೆಲ್ಲ ಮತ್ತೆ ಸರಿ ಮಾಡುತ್ತಾ ಕೂರಬೇಕಾಗುತ್ತದೆ.

ಯಜಮಾನಿ ತೀರಿಕೊಂಡಿದ್ದರೆ ಅವರ ಹಣ ತಾನಾಗಿ ಸೊಸೆಗೋ ಮಗಳಿಗೋ ಬರುವುದಿಲ್ಲ. ಮರಣ ಪ್ರಮಾಣ ಪತ್ರ ಕೊಟ್ಟು ಕಾರ್ಡಿನಿಂದ ಹೆಸರು ತೆಗೆಸಬೇಕು. ಹೊಸ ಯಜಮಾನಿಯ ಹೆಸರು ಏರಿಸಬೇಕು. ಆಮೇಲೆ ಅವರ ಹೆಸರಿನಲ್ಲಿ ಹೊಸದಾಗಿ ಅರ್ಜಿ. ತೀರಿಕೊಂಡವರ ಖಾತೆಗೆ ಕಂತು ಬರುತ್ತಲೇ ಇದ್ದರೆ ಅದನ್ನು ಎಟಿಎಂನಲ್ಲಿ ತೆಗೆದು ಖರ್ಚು ಮಾಡಬೇಡಿ, ಸರ್ಕಾರ ವಾಪಸ್ ಕೇಳಬಹುದು.

ಅರ್ಜಿ

ಇದು ಸುಲಭ. ಹಳ್ಳಿಯವರಾದರೆ ಗ್ರಾಮ ಒನ್ ಅಥವಾ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಪಟ್ಟಣದವರಾದರೆ ಕರ್ನಾಟಕ ಒನ್. ರೇಷನ್ ಕಾರ್ಡ್ ನಂಬರ್, ಯಜಮಾನಿಯ ಆಧಾರ್, ಗಂಡನ ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಧಾರಿಗೆ ಜೋಡಿಸಿದ ಮೊಬೈಲ್ ಇಷ್ಟು ಸಾಕು. ಅರ್ಜಿಗೆ ಶುಲ್ಕ ಇಲ್ಲ. ಯಾರಾದರೂ ನೂರು ಇನ್ನೂರು ಕೇಳಿದರೆ ಕೊಡಬೇಡಿ, ರಸೀದಿ ಕೇಳಿ. ರಸೀದಿ ಅಂದ ತಕ್ಷಣ ಮಾತು ಬದಲಾಗುತ್ತದೆ. ಕೊನೆಯಲ್ಲಿ ಕೊಡುವ ಮಂಜೂರಾತಿ ಪತ್ರವನ್ನು ಫೋಟೋ ತೆಗೆದಿಟ್ಟುಕೊಳ್ಳಿ, ಕಾಗದ ಎಲ್ಲಾದರೂ ಕಳೆದೇ ಹೋಗುತ್ತದೆ.

ಹಣ ಯಾವ ಖಾತೆಗೆ ಹೋಗುತ್ತದೆ

ಇಲ್ಲೇ ಹೆಚ್ಚು ಜನ ಸಿಕ್ಕಿಕೊಳ್ಳುವುದು. ಸ್ವಲ್ಪ ನಿಧಾನವಾಗಿ ಓದಿ.

ಸರ್ಕಾರ ಹಣ ಹಾಕುವಾಗ ಖಾತೆ ನಂಬರ್ ನೋಡುವುದಿಲ್ಲ, ಆಧಾರ್ ನಂಬರ್ ನೋಡುತ್ತದೆ. ಆ ಆಧಾರಿಗೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಅನ್ನುವ ಪಟ್ಟಿ ಎನ್‌ಪಿಸಿಐ ಅನ್ನುವ ಸಂಸ್ಥೆಯ ಹತ್ತಿರ ಇರುತ್ತದೆ. ಒಂದು ಆಧಾರಿಗೆ ಒಂದೇ ಬ್ಯಾಂಕ್. ಕೊನೆಗೆ ಯಾವ ಬ್ಯಾಂಕಿನಲ್ಲಿ ಜೋಡಿಸಿದ್ದೀರೋ ಹಣ ಅಲ್ಲಿಗೇ. ಊರು ಬಿಟ್ಟವರ ಕಾಗದ ಹಳೇ ಮನೆ ಬಾಗಿಲಿಗೇ ಬೀಳುವ ಹಾಗೆ, ನೀವು ಮರೆತುಹೋದ ಖಾತೆಗೆ ಹಣ ಹೋಗಿ ಬೀಳುತ್ತಿರಬಹುದು.

ನಮ್ಮ ಬೀದಿಯಲ್ಲಿ ಹೂ ಕಟ್ಟಿ ಮಾರುವ ಒಬ್ಬ ಹೆಂಗಸಿದ್ದಾರೆ. ತಿಂಗಳುಗಟ್ಟಲೆ ಹಣ ಬಂದಿಲ್ಲ ಅಂತ ಬ್ಯಾಂಕಿಗೆ ಅಲೆದಿದ್ದರು. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಖಾಲಿ. ಕೌಂಟರಿನಲ್ಲಿದ್ದ ಹುಡುಗಿ ಅವರ ಆಧಾರ್ ಹಾಕಿ ನೋಡಿದಳು.

"ಅಕ್ಕ, ನಿಮ್ಮ ದುಡ್ಡು ಬರ್ತಾ ಇದೆ. ನಮ್ಮ ಬ್ಯಾಂಕಿಗಲ್ಲ, ಬೇರೆ ಬ್ಯಾಂಕಿಗೆ."

"ನಂಗೆ ಬೇರೆ ಖಾತೆನೇ ಇಲ್ವಲ್ಲಮ್ಮ."

"ಮೊಬೈಲ್ ಅಂಗಡೀಲಿ ಯಾವಾಗಾದ್ರೂ ಹೆಬ್ಬೆಟ್ಟು ಕೊಟ್ಟಿದ್ರಾ?"

ಕೊಟ್ಟಿದ್ದರು. ಸಿಮ್ ತಗೊಳ್ಳುವಾಗ ಅವರ ಹೆಸರಿನಲ್ಲಿ ಫೋನಿನಲ್ಲೇ ಒಂದು ಖಾತೆಯೂ ತೆರೆದಿತ್ತು, ಆಧಾರ್ ಅಲ್ಲಿಗೆ ಜೋಡಣೆಯಾಗಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ. ಹಣ ಅಷ್ಟೂ ಅಲ್ಲಿ ಕೂತಿತ್ತು. ಎಲ್ಲರಿಗೂ ಇಷ್ಟು ಅದೃಷ್ಟ ಇರುವುದಿಲ್ಲ. ಆದರೆ ಹಣ ಬಂದಿಲ್ಲ ಅಂತ ತೀರ್ಮಾನ ಮಾಡುವ ಮುಂಚೆ ಇದನ್ನು ನೋಡಲೇಬೇಕು.

ನೋಡುವುದಕ್ಕೆ ಹಲವು ದಾರಿಗಳಿವೆ. ಸ್ಮಾರ್ಟ್‌ಫೋನ್ ಇದ್ದರೆ ಡಿಬಿಟಿ ಕರ್ನಾಟಕ ಆ್ಯಪ್ ಒಳ್ಳೆಯದು. ಯಜಮಾನಿಯ ಆಧಾರ್ ನಂಬರ್ ಹಾಕಿ, ಅವರ ಮೊಬೈಲಿಗೆ ಬರುವ ಒಟಿಪಿ ಹಾಕಿ, ನಾಲ್ಕಂಕಿಯ ಪಿನ್ ಇಟ್ಟುಕೊಂಡರೆ ಯಾವ ಯೋಜನೆಯ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಅಂತ ತೋರಿಸುತ್ತದೆ. ಮೈ ಆಧಾರ್ ಪೋರ್ಟಲ್‌ನಲ್ಲೂ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಸೀಡಿಂಗ್ ಅಂದರೆ ಈ ಜೋಡಣೆಯೇ. ಅಲ್ಲಿ ಬ್ಯಾಂಕಿನ ಹೆಸರು, ಜೋಡಣೆ ಚಾಲ್ತಿಯಲ್ಲಿದೆಯೋ ಇಲ್ಲವೋ ಎರಡೂ ಕಾಣುತ್ತದೆ. ಕೀಪ್ಯಾಡ್ ಫೋನ್ ಮಾತ್ರ ಇದ್ದರೆ *99*99*1# ಒತ್ತಿ ಆಧಾರ್ ನಂಬರ್ ಕೊಟ್ಟು ನೋಡಬಹುದು.

ಒಟಿಪಿ ಬರಬೇಕಾದರೆ ಆಧಾರಿಗೆ ಮೊಬೈಲ್ ಜೋಡಣೆಯಾಗಿರಬೇಕಲ್ವಾ? ಬಹಳ ಹಿರಿಯರದ್ದು ಆಗಿರುವುದಿಲ್ಲ, ಅಥವಾ ಯಾವತ್ತೋ ಬಿಟ್ಟ ನಂಬರಿಗೆ ಆಗಿರುತ್ತದೆ. ಆಧಾರ್ ಕೇಂದ್ರಕ್ಕೆ ಹೋಗಲಾಗದವರು ಅಂಚೆ ಕಚೇರಿಯಲ್ಲಿ ಕೇಳಿ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮೊಬೈಲ್ ನಂಬರ್ ಜೋಡಿಸಿಕೊಡುವ ವ್ಯವಸ್ಥೆ ಇದೆ. ಮಗನ ನಂಬರ್ ಕೊಡುವ ಬದಲು ಅಮ್ಮನದೇ ಒಂದು ನಂಬರ್ ಕೊಡಿ. ಮಗ ಬೆಂಗಳೂರಿನಲ್ಲಿ ಡ್ಯೂಟಿಯಲ್ಲಿರುವಾಗ ಒಟಿಪಿಗಾಗಿ ಅಮ್ಮ ಕೌಂಟರಿನ ಮುಂದೆ ನಿಂತು ಕಾಯುವುದು ಬೇಡ.

ಜೋಡಣೆ ಬೇರೆ ಬ್ಯಾಂಕಿನಲ್ಲಿದ್ದರೆ, ಅಥವಾ ಇಲ್ಲವೇ ಇಲ್ಲ ಅಂತ ಬಂದರೆ, ನಿಮಗೆ ಹಣ ಬೇಕಾದ ಬ್ಯಾಂಕಿಗೆ ಹೋಗಿ. "ಆಧಾರ್ ಲಿಂಕ್ ಮಾಡಿ" ಅಂತಷ್ಟೇ ಹೇಳಿದರೆ ಕೆವೈಸಿಗೆ, ಅಂದರೆ ಖಾತೆಯ ಗುರುತಿನ ದಾಖಲೆಗೆ, ಆಧಾರ್ ಸೇರಿಸಿ ಕಳಿಸಿಬಿಡುತ್ತಾರೆ, ಅದರಿಂದ ಸರ್ಕಾರದ ಹಣ ಬರುವುದಿಲ್ಲ. "ಸರ್ಕಾರದ ಹಣ ಬರಬೇಕು, ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ" ಅಂತ ಹೇಳಿ. ಅದಕ್ಕೆ ಬೇರೆ ಒಪ್ಪಿಗೆ ಫಾರ್ಮ್ ಇದೆ. ಹಿಂದಿನ ಬ್ಯಾಂಕಿನ ಹೆಸರು ಗೊತ್ತಿದ್ದರೆ ಫಾರ್ಮಿನಲ್ಲಿ ಬರೆಯಿರಿ. ಬ್ಯಾಂಕಿಗೆ ಹೋಗದೆ ಎನ್‌ಪಿಸಿಐ ವೆಬ್‌ಸೈಟಿನ ಬೇಸ್ ಅನ್ನುವ ಸೇವೆಯಲ್ಲೂ ಕೋರಿಕೆ ಹಾಕಬಹುದು. ಆದರೆ ಹಿರಿಯರಿಗೆ ಬ್ಯಾಂಕ್ ಫಾರ್ಮೇ ವಾಸಿ, ಕೈಯಲ್ಲಿ ಒಂದು ಪ್ರತಿ ಇರುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಸ್ಟೇಟಸ್ ನೋಡಿ.

ಖಾತೆಯೇ ಇಲ್ಲದವರು ಯಾವ ಬ್ಯಾಂಕಿನಲ್ಲಾದರೂ ಜನಧನ ಖಾತೆ ಮಾಡಿಸಬಹುದು, ಮಿನಿಮಮ್ ಬ್ಯಾಲೆನ್ಸ್ ಬೇಕಿಲ್ಲ. ವರ್ಷಗಟ್ಟಲೆ ಮುಟ್ಟದ ಹಳೇ ಖಾತೆ ಇದ್ದರೆ ಮೊದಲು ಕೆವೈಸಿ ಮಾಡಿಸಿ ಅದಕ್ಕೆ ಮತ್ತೆ ಜೀವ ಕೊಡಿ. ಜಂಟಿ ಖಾತೆ ಬೇಡ ಅಂತ ನನ್ನ ಸಲಹೆ. ಯಜಮಾನಿಯ ಒಬ್ಬರ ಹೆಸರಿನ ಖಾತೆಯೇ ಇರಲಿ. ಪಾಸ್‌ಬುಕ್ಕೂ ಎಟಿಎಂ ಕಾರ್ಡೂ ಅವರ ಹತ್ತಿರವೇ ಇರಲಿ. ಕಾರ್ಡು ಗಂಡನ ಜೇಬಿನಲ್ಲಿದ್ದರೆ ಹಣ ಹೆಸರಿಗೆ ಮಾತ್ರ ಹೆಂಡತಿಯದು.

ತೆರಿಗೆ ಪಟ್ಟಿಯಲ್ಲಿ ಹೆಸರು ಬಂದರೆ

ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಈ ಹಣ ಇಲ್ಲ. ನಿಯಮ ಸರಿಯಾದದ್ದೇ. ಆದರೆ ಕೆಲವು ಸಲ ಅದರಲ್ಲಿ ಬಡವರೂ ಸಿಕ್ಕಿಕೊಳ್ಳುತ್ತಾರೆ. ಗೂಡ್ಸ್ ಆಟೋ ಸಾಲಕ್ಕೆ ಅಂತ ಯಾರೋ ಹೇಳಿದರು, ಗಂಡ ರಿಟರ್ನ್ಸ್ ಹಾಕಿದರು, ಒಂದು ರೂಪಾಯಿ ತೆರಿಗೆಯೂ ಕಟ್ಟಿಲ್ಲ. ಕಟ್ಟಿನಕೆರೆ ಮಾರ್ಕೆಟ್ಟಿನ ಹತ್ತಿರ ಸಣ್ಣ ಅಂಗಡಿ ಇಟ್ಟು ಮುಚ್ಚಿದವರ ಜಿಎಸ್‌ಟಿ ನಂಬರ್ ರದ್ದೇ ಆಗಿಲ್ಲ.

ಅಂಥವರು ಸುಮ್ಮನೆ ಕೂರಬೇಡಿ. ತೆರಿಗೆ ಶೂನ್ಯ ಅಂತ ತೋರಿಸುವ ರಿಟರ್ನ್ಸ್ ಪ್ರತಿ, ಅಥವಾ ಜಿಎಸ್‌ಟಿ ರದ್ದಾದ ಆದೇಶದ ಪ್ರತಿ ತೆಗೆದುಕೊಂಡು ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಬರಹದಲ್ಲಿ ಅರ್ಜಿ ಕೊಡಿ. ಯೋಜನೆ ನಡೆಸುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ತಾಲ್ಲೂಕಿನಲ್ಲಿ ಅದರ ಕಚೇರಿಯೇ ಸಿಡಿಪಿಒ. ದಾರಿ ಗೊತ್ತಿಲ್ಲದಿದ್ದರೆ ನಿಮ್ಮ ಅಂಗನವಾಡಿ ಟೀಚರನ್ನು ಕೇಳಿ. ಯಾರ ಮುಂದೆ ಯಾವ ಕಾಗದ ಇಡಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಎಲ್ಲ ಸರಿಯಿದ್ದೂ ಕಂತು ಬರದಿದ್ದರೆ

ಕಂತು ಪ್ರತಿ ತಿಂಗಳು ಇಂಥದೇ ದಿನ ಬೀಳುವುದಿಲ್ಲ. ಎರಡು ಮೂರು ತಿಂಗಳು ತಡವಾಗಿದ್ದೂ ಇದೆ, ಬಾಕಿ ಕಂತುಗಳು ಹತ್ತಿರ ಹತ್ತಿರವೇ ಬಂದಿದ್ದೂ ಇದೆ. ನಿಮ್ಮದೊಂದೇ ನಿಂತಿದೆಯೋ ಎಲ್ಲರದ್ದೂ ನಿಂತಿದೆಯೋ ಮೊದಲು ತಿಳಿದುಕೊಳ್ಳಿ. ನೀರು ಹಿಡಿಯುವಾಗ, ರೇಷನ್ ಅಂಗಡಿ ಮುಂದೆ, ಸಂಘದ ಸಭೆಯಲ್ಲಿ ವಿಚಾರಿಸಿದರೆ ಸಾಕು. ಎಲ್ಲರದ್ದೂ ನಿಂತಿದ್ದರೆ ಬ್ಯಾಂಕಿಗೆ ಅಲೆದು ಒಂದು ದಿನದ ಕೂಲಿ ಕಳೆದುಕೊಳ್ಳಬೇಡಿ. ಸುತ್ತಮುತ್ತಲಿನವರಿಗೆ ಬಂದು ನಿಮಗೆ ಮಾತ್ರ ಬಂದಿಲ್ಲ ಅಂದರೆ ಮೇಲೆ ಹೇಳಿದ ಜೋಡಣೆ ನೋಡಿ, ಅದೂ ಸರಿಯಿದ್ದರೆ ಸಿಡಿಪಿಒ ಕಚೇರಿಗೆ ಹೋಗಿ.

ಅಲ್ಲಿ ಬಾಯಿ ಮಾತಿನಲ್ಲಿ ಹೇಳಿ ಬರಬೇಡಿ. ಒಂದು ಹಾಳೆಯಲ್ಲಿ ಹೆಸರು, ರೇಷನ್ ಕಾರ್ಡ್ ನಂಬರ್, ಕೊನೆಯ ಕಂತು ಬಂದ ತಿಂಗಳು, ಬ್ಯಾಂಕಿನ ಹೆಸರು ಬರೆದು ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಬಿದ್ದ ಕಾಗದಕ್ಕೆ ಇರುವ ಬೆಲೆ ಹತ್ತು ಸಲ ಹೋಗಿ ಬಂದ ಮಾತಿಗೆ ಇಲ್ಲ. ಅಲ್ಲೂ ಆಗದಿದ್ದರೆ 1902ಕ್ಕೆ ಫೋನ್ ಮಾಡಿ. ಅದು ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ. ದೂರಿನ ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಗ್ಯಾರಂಟಿ ಯೋಜನೆಗಳ ಸಮಿತಿಗಳೂ ಇವೆ, ಅವರ ಸಭೆಗೂ ಅರ್ಜಿ ಕೊಡಬಹುದು.

ಬಂದ ಹಣದ ಲೆಕ್ಕಾಚಾರ

ಹೇಗೆ ಖರ್ಚು ಮಾಡಬೇಕು ಅಂತ ಹೇಳಲು ನಾನು ಯಾರೂ ಅಲ್ಲ. ಷರತ್ತಿಲ್ಲದ ಹಣ ಅದು, ಹಾಗೇ ಇರಲಿ. ಆದರೆ ಹಾಸನದ ದುಡಿಮೆಯ ರೀತಿ ನೋಡಿದವರಿಗೆ ಒಂದೆರಡು ವಿಷಯ ಹೊಳೆಯುತ್ತದೆ. ಸಕಲೇಶಪುರದ ತೋಟಗಳಲ್ಲಿ ಕಾಫಿ ಕೊಯ್ಲು ಇರುವ ತಿಂಗಳಲ್ಲಿ ಕೂಲಿ ಚೆನ್ನಾಗಿರುತ್ತದೆ, ಮಳೆ ಹಿಡಿದ ತಿಂಗಳಲ್ಲಿ ಕೈ ಖಾಲಿ. ಬಯಲಿನ ಕಡೆ ಮೇ, ಜೂನ್ ಬಂದರೆ ಆಲೂಗಡ್ಡೆ ಬಿತ್ತನೆ ಬೀಜಕ್ಕೆ ದುಡ್ಡು ಬೇಕು. ಅದೇ ಹೊತ್ತಿಗೆ ಶಾಲೆ ಶುರುವಾಗಿ ಪುಸ್ತಕ, ಯೂನಿಫಾರಂ, ಬಸ್ ಪಾಸ್ ಅಂತ ಮಕ್ಕಳು ಕೈ ಚಾಚುತ್ತಾರೆ. ವರ್ಷಕ್ಕೆ 24,000 ಅಂದರೆ ಸಣ್ಣ ಮೊತ್ತವಲ್ಲ. ಕೂಲಿ ಚೆನ್ನಾಗಿರುವ ತಿಂಗಳ ಕಂತನ್ನು ಮುಟ್ಟದೆ ಬಿಟ್ಟರೆ ಜೂನ್‌ನಲ್ಲಿ ಕೈಸಾಲಕ್ಕೆ ಹೋಗುವುದು ತಪ್ಪುತ್ತದೆ.

ಖಾತೆಯಲ್ಲಿದ್ದರೆ ಖರ್ಚಾಗಿಬಿಡುತ್ತದೆ ಅನ್ನುವವರು ಅಂಚೆ ಕಚೇರಿಯಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಉಳಿತಾಯ, ಮಾಡಿಸಬಹುದು, ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷದ್ದು. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ ಖಾತೆ ಇದೆ, ವರ್ಷಕ್ಕೆ 250 ಕಟ್ಟಿದರೂ ಖಾತೆ ಉಳಿಯುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ ಇವೆ. ಇವೆರಡೂ ಪ್ರತಿ ವರ್ಷ ಮೇ ಕೊನೆಯಲ್ಲಿ ತಾನಾಗಿ ಕಡಿತವಾಗುತ್ತವೆ. ಆ ಹೊತ್ತಿಗೆ ಖಾತೆಯಲ್ಲಿ ಅಷ್ಟು ಹಣ ಬಿಟ್ಟಿರಿ, ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗೃಹಲಕ್ಷ್ಮಿ ಬರುತ್ತಲ್ಲ ಅಂತ ಅದರ ಧೈರ್ಯದ ಮೇಲೆ ಹೊಸ ಮೈಕ್ರೋ ಫೈನಾನ್ಸ್ ಸಾಲ ತೆಗೆಯಬೇಡಿ. ಸಾಲದ ಕಂತು ವಾರ ವಾರ ಬಾಗಿಲಿಗೆ ಬರುತ್ತದೆ. ಈ ಹಣ ಯಾವಾಗ ಬೀಳುತ್ತದೋ ಆಗ ಬೀಳುತ್ತದೆ. ಎರಡೂ ಹೊಂದದ ವಾರದಲ್ಲಿ ಮನೆ ಮುಂದೆ ಬಂದು ನಿಲ್ಲುವ ವಸೂಲಿಯವರು ಯಾವ ಮಾತನ್ನೂ ಕೇಳುವುದಿಲ್ಲ. ಈಗಾಗಲೇ ಸಾಲ ಇದ್ದು ವಸೂಲಿಯವರು ಬೆದರಿಸುತ್ತಿದ್ದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು, ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ನಿಮ್ಮ ಬ್ಯಾಂಕೇ ಹಳೇ ಸಾಲಕ್ಕೆ ಅಂತ ಈ ಹಣ ಹಿಡಿದುಕೊಂಡರೆ ಮ್ಯಾನೇಜರಿಗೆ ಬರಹದಲ್ಲಿ ಕೊಡಿ, ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೂ ಒಂದು ಪ್ರತಿ ಕೊಡಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ವಿಚಾರಿಸಲು 14448ಕ್ಕೆ ಫೋನ್ ಮಾಡಿ.

ಹೆಬ್ಬೆಟ್ಟಿನ ಎಚ್ಚರ

ಹಳ್ಳಿಗಳಲ್ಲಿ ಬಹಳ ಜನ ಬ್ಯಾಂಕ್ ಮಿತ್ರರ ಹತ್ತಿರ ಬೆರಳು ಒತ್ತಿ ಹಣ ತೆಗೆಯುತ್ತಾರೆ. ಅನುಕೂಲವೇ. ಆದರೆ ಪ್ರತಿ ಸಲ ಬೆರಳು ಇಡುವ ಮುಂಚೆ ಎಷ್ಟು ಹಣ ಒತ್ತಿದ್ದಾರೆ ಅಂತ ಕೇಳಿ, ಆದ ಮೇಲೆ ಚೀಟಿ ತಗೊಳ್ಳಿ. "ಸರ್ವರ್ ಇಲ್ಲ, ಇನ್ನೊಂದು ಸಲ ಒತ್ತಿ" ಅಂದಾಗ ಎರಡು ಸಲ ಹಣ ಹೋಗಿರಬಹುದು, ಬ್ಯಾಲೆನ್ಸ್ ಕೇಳಿಯೇ ಏಳಿ. ಹಣ ಕೊಡುವಾಗ ಹತ್ತಿಪ್ಪತ್ತು ರೂಪಾಯಿ ಹಿಡಿದುಕೊಳ್ಳುವುದಕ್ಕೆ ಅವರಿಗೆ ಅವಕಾಶ ಇಲ್ಲ, ಅವರಿಗೆ ಕಮಿಷನ್ ಬ್ಯಾಂಕಿನಿಂದ ಬರುತ್ತದೆ. ಬೆರಳು ಒತ್ತಿ ಹಣ ತೆಗೆಯುವ ಅಭ್ಯಾಸವೇ ಇಲ್ಲದವರು ಎಂ ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟುಕೊಳ್ಳಿ. ರೇಷನ್ ತರುವ ದಿನ ತೆರೆದುಕೊಂಡರೆ ಆಯಿತು.

"ಗೃಹಲಕ್ಷ್ಮಿ ಬಾಕಿ ಕಂತು ಬಿಡುಗಡೆಯಾಗಿದೆ, ಈ ಲಿಂಕ್ ಒತ್ತಿ" ಅಂತ ವಾಟ್ಸಾಪಿನಲ್ಲಿ ಬಂದರೆ ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ. ಹಣ ಹಾಕಲು ಸರ್ಕಾರ ಯಾರಿಗೂ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ. ಹೇಳಿಬಿಟ್ಟು ಹಣ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಹಣ ತಡೆಹಿಡಿಯಲು ಅಷ್ಟು ಅವಕಾಶ ಇರುತ್ತದೆ. ಆಮೇಲೆ ಬ್ಯಾಂಕಿಗೆ ಹೋಗಿ ಖಾತೆಗೆ ತಡೆ ಹಾಕಿಸಿ, ದೂರಿನ ನಂಬರನ್ನು ಪಾಸ್‌ಬುಕ್ಕಿನ ಒಳಗೇ ಬರೆದಿಡಿ.